ತಾಳ್ಯದಲ್ಲಿ ಉಳಿದಿದ್ದ ಒಂದು ಮುಯ್ಯಿ

ಚಿತ್ರದುರ್ಗ ಜಿಲ್ಲೆಯಲ್ಲಿ ಆಟಿಸಂ ಇರುವ ಎಳೆಯ ಮಕ್ಕಳ ಕಲಿಕೆಯ ಬಗ್ಗೆ ಯಾರೇ ಮಾತೆತ್ತಲಿ, ಹೊಳಲ್ಕೆರೆ ತಾಲ್ಲೂಕಿನಲ್ಲಿ ಸಂಪನ್ಮೂಲ ಶಿಕ್ಷಕಿಯಾಗಿ ದುಡಿದು ಈ ವರ್ಷ ನಿವೃತ್ತರಾದ ಶ್ರೀಮತಿ ಎ. ಯಮುನಾ ಅವರ ಹೆಸರನ್ನು ದಾಟಿ ಮುಂದೆ ಹೋಗುವುದು ಕಷ್ಟ. ದೊಡ್ಡ ಊರುಗಳಲ್ಲಿ ಇಂಥ ಮಕ್ಕಳಿಗೆ ತರಬೇತಿ ಕೇಂದ್ರಗಳಿವೆ, ತಜ್ಞರಿದ್ದಾರೆ, ಗಂಟೆಗಿಷ್ಟು ಎಂದು ದರವೂ ಇದೆ. ಅವು ಯಾವುವೂ ಇಲ್ಲದ ಹಳ್ಳಿಗಳಲ್ಲಿ, ನಾಲ್ಕು ಮನೆಯ ತಾಯಂದಿರನ್ನೂ ಅವರ ಮಕ್ಕಳನ್ನೂ ಒಂದು ಅಂಗಳದಲ್ಲಿ ಕೂರಿಸಿ, ಮಕ್ಕಳು ಮಕ್ಕಳಿಂದಲೇ ಕಲಿಯುವ ಗುಂಪುಗಳನ್ನು ಕಟ್ಟಿದವರು ಅವರು. ಹಿರಿಯೂರು, ಹೊಸದುರ್ಗ ತಾಲ್ಲೂಕುಗಳಲ್ಲಿಯೂ ಇಂದು ನಡೆಯುತ್ತಿರುವ ‘ಮುಯ್ಯಿ ಗುಂಪು’ಗಳಿಗೆ ಮೂಲ ಅದೇ ಅಂಗಳ.

ಅಭಿನಂದನ ಗ್ರಂಥ ತರುವುದೆಂದು ಗೆಳೆಯರು ತೀರ್ಮಾನಿಸಿ ಒಪ್ಪಿಗೆ ಕೇಳಲು ಹೋದಾಗ ಯಮುನಾ ಅವರು ಹೇಳಿದ್ದು ಇಷ್ಟು: “ಬರೀರಿ, ಬ್ಯಾಡ ಅನ್ನಲ್ಲ. ಆದ್ರೆ ದುರ್ಗೇಶನ್ನ ಬಿಟ್ಟು ಬರೀಬ್ಯಾಡ್ರಿ. ಅವನಿಲ್ಲದ ಪುಸ್ತಕ ಸುಳ್ಳು ಪುಸ್ತಕ.”

ದುರ್ಗೇಶ ಅವರ ಗುಂಪಿನಲ್ಲಿದ್ದ ಆರು ವರ್ಷದ ಹುಡುಗ. ಈಗ ಇಲ್ಲ. ಸಂತೋಷದ ಸಂದರ್ಭಕ್ಕೆಂದು ಬರುವ ಗ್ರಂಥದಲ್ಲಿ ಒಂದು ಮಗುವಿನ ಸಾವನ್ನು ಬರೆಯುವುದು ಸರಿಯೇ ಎಂಬ ಅಳುಕು ಕೊನೆಯ ಸಾಲಿನವರೆಗೂ ಇದ್ದೇ ಇತ್ತು. ಆ ಮಗುವಿನ ತಾಯಿ ಕೊಟ್ರಮ್ಮನವರು ಕೇಳಿಸಿಕೊಂಡು “ಬರ್ಕಳ್ರಿ” ಎಂದ ಮೇಲೆಯೇ ಇದನ್ನು ಬರೆಯಲಾಗಿದೆ.

ಯಮುನಾ ಅವರು ಹುಟ್ಟಿದ್ದು ಹೊಸದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ. ತಂದೆ ಅಂಜನಪ್ಪನವರು ತೆಂಗಿನ ನಾರಿನ ಹಗ್ಗ ಹೊಸೆದು ಸಂತೆಯಲ್ಲಿ ಮಾರುತ್ತಿದ್ದರು. ಹಗ್ಗ ಹೊಸೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಒಂದು ತುದಿಯಲ್ಲಿ ಕುಳಿತು ರಾಟೆ ತಿರುಗಿಸುತ್ತಿರಬೇಕು, ಇನ್ನೊಬ್ಬರು ಮಡಿಲಲ್ಲಿ ನಾರು ಕಟ್ಟಿಕೊಂಡು, ಎಳೆ ಕೊಡುತ್ತಾ ಕೊಡುತ್ತಾ ಹಿಂದಕ್ಕೆ ನಡೆಯಬೇಕು. ರಾಟೆಯ ಬಳಿ ಕೂರುತ್ತಿದ್ದವಳು ಪುಟ್ಟ ಯಮುನಾ. ಅವಳು ಬೀದಿಯ ಆಟ ನೋಡುತ್ತಾ ಮೈಮರೆತರೆ ದೂರದಿಂದ ಅಪ್ಪನ ದನಿ ಬರುತ್ತಿತ್ತು: “ಲೇ ಯಮ್ನಿ, ನಿನ್ ಕೈ ನಿಂತ್ರೆ ನನ್ ಕಾಲೂ ನಿಲ್ತಾವೆ ಕಣವ್ವಾ!” ಅಪ್ಪ ಮಗಳ ನಡುವೆ ಹಿತ್ತಲಿನಷ್ಟು ದೂರ. ಮುಖ ಸರಿಯಾಗಿ ಕಾಣದು, ಮಾತು ಕಡಿಮೆ. ಆದರೂ ಒಂದು ಹುರಿಯ ಎರಡು ತುದಿಗಳಲ್ಲಿ ಅವರಿಬ್ಬರೂ ಒಟ್ಟಿಗಿರುತ್ತಿದ್ದರು.

ತಾಯಿಯಿಂದ ಬಂದದ್ದು ಇನ್ನೊಂದು ಪಾಠ. ಕೂಲಿ ಕೊಟ್ಟು ಆಳು ಕರೆಯುವ ಶಕ್ತಿಯಿಲ್ಲದ ಮನೆಗಳವರು ಇಂದು ಇವರ ಹೊಲಕ್ಕೆ, ನಾಳೆ ಅವರ ಹೊಲಕ್ಕೆ ಹೋಗಿ ದುಡಿಯುತ್ತಾರೆ. ಅದಕ್ಕೆ ನಮ್ಮ ಕಡೆ ಮುಯ್ಯಾಳು ಎನ್ನುವುದು. ಯಾರ ಹೊಲದಲ್ಲಿ ಕೆಲಸವೋ ಅವರ ಮನೆಯಲ್ಲಿ ಆ ದಿನದ ಊಟ. ಬಂದು ದುಡಿದವರ ಮುಯ್ಯಿಯನ್ನು ಹೋಗಿ ದುಡಿದೇ ತೀರಿಸಬೇಕು. ತೀರಿಸದೆ ಉಳಿಸಿಕೊಂಡವರು ಬಾವಿಯ ಬಳಿ ತಲೆಯೆತ್ತಿ ನಿಲ್ಲಲಾರರು. ಈ ಎರಡು ಪಾಠಗಳು, ಹಗ್ಗದ್ದು ಮತ್ತು ಮುಯ್ಯಾಳಿನದು, ಮುಂದೆ ಅವರ ಕೆಲಸಕ್ಕೆ ಕೈಕಾಲುಗಳಾದವು. ಅವುಗಳಲ್ಲಿ ಒಂದು ಅವರನ್ನು ತಪ್ಪು ದಾರಿಗೂ ಎಳೆಯಿತು.

ಅವರು ಮೊದಲು ಶಿಕ್ಷಕಿಯಾಗಿ ಸೇರಿದ್ದು ಹಿರಿಯೂರಿನ ಕಡೆ, ಹೆದ್ದಾರಿಯ ಪಕ್ಕದ ಒಂದು ಪ್ರಾಥಮಿಕ ಶಾಲೆಗೆ. ಒಂದನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಯಾರ ಮುಖವನ್ನೂ ನೋಡದೆ, ಕರೆದರೆ ತಿರುಗದೆ, ಕಿಟಕಿಯ ಕಟ್ಟೆಯ ಮೇಲೆ ಕುಳಿತು ಹೋಗುವ ಲಾರಿಗಳ ಸದ್ದನ್ನು ತುಟಿಯಲ್ಲಿ ಹಾಗೆಯೇ ಮಾಡುತ್ತಿದ್ದಳು. ಗಾಳಿ ಸೋಕಿದೆ ಎನ್ನುವವರಿದ್ದರು, ಪೆದ್ದು ಎನ್ನುವವರಿದ್ದರು. ಆಟಿಸಂ ಎಂಬ ಪದವನ್ನು ಆಗ ಶಾಲೆಯಲ್ಲಿ ಯಾರೂ ಕೇಳಿರಲಿಲ್ಲ. ಒಂದು ದಿನ ಹೆಣ್ಣುಮಕ್ಕಳು ಹಗ್ಗದಾಟ ಆಡುವಾಗ ತುದಿ ಹಿಡಿಯುವವಳೊಬ್ಬಳು ನೀರು ಕುಡಿಯಲು ಹೋದಳು. ಈ ಹುಡುಗಿ ಕಟ್ಟೆಯಿಂದ ಇಳಿದು ಬಂದು ಆ ತುದಿ ಹಿಡಿದು ತಿರುಗಿಸತೊಡಗಿದಳು. ಗಂಟೆ ಬಾರಿಸುವವರೆಗೂ ತಿರುಗಿಸಿದಳು, ಯಾರನ್ನೂ ನೋಡದೆಯೇ. ಯಮುನಾ ಅವರಿಗೆ ರಾಟೆ ನೆನಪಾಯಿತು. ಎದುರು ಕೂರಿಸಿಕೊಂಡು ‘ನನ್ನನ್ನು ನೋಡು’ ಎಂದರೆ ಬಾರದ ಮಗು, ಒಂದು ವಸ್ತುವಿನ ಇನ್ನೊಂದು ತುದಿಯನ್ನು ಅದರ ಕೈಗೆ ಬಿಟ್ಟರೆ ಬರುತ್ತದೆ ಎಂದು ಅಂದು ತಿಳಿಯಿತು. ಮುಂದಿನ ವರ್ಷ ಆ ಹುಡುಗಿಯನ್ನು ಶಾಲೆ ಬಿಡಿಸಿದರು. ಹಲವು ವರ್ಷಗಳ ನಂತರ ಚಿತ್ರದುರ್ಗದಲ್ಲಿ ನಡೆದ ತರಬೇತಿಯಲ್ಲಿ ಆಟಿಸಂನ ಲಕ್ಷಣಗಳನ್ನು ವಿವರಿಸುವಾಗ ಯಮುನಾ ಅವರ ಕಣ್ಣ ಮುಂದೆ ಬಂದವಳು ಅವಳೇ. ಹುಡುಕಿಕೊಂಡು ಹೋದರು. ಆ ಕುಟುಂಬ ಕೂಲಿ ಅರಸಿ ಯಾವ ಕಡೆಗೆ ಹೋಯಿತೋ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೊಳಲ್ಕೆರೆಗೆ ಸಂಪನ್ಮೂಲ ಶಿಕ್ಷಕಿಯಾಗಿ ಬಂದ ಮೇಲೆ ಮನೆ ಮನೆಗೆ ಹೋಗಿ ಇಂಥ ಮಕ್ಕಳನ್ನು ಕಾಣುವುದೇ ಅವರ ಕೆಲಸವಾಯಿತು. ಹೋದ ಮನೆಗಳಲ್ಲಿ ಅವರು ಕಂಡದ್ದನ್ನೆಲ್ಲ ಇಲ್ಲಿ ಬರೆಯುವುದು ಬೇಡ. ದನದ ಕೊಟ್ಟಿಗೆಯ ಕಂಬಕ್ಕೆ ಸೀರೆಯಿಂದ ಕಟ್ಟಿದ್ದ ಮಕ್ಕಳಿದ್ದರು. ಕಟ್ಟಿದ ತಾಯಿ ಕ್ರೂರಿಯಾಗಿರಲಿಲ್ಲ, ಕಳೆ ಕೀಳಲು ಹೋಗಲೇಬೇಕಾದವಳಾಗಿದ್ದಳು. ಅದೇ ತಾಲ್ಲೂಕಿನ ತಾಳ್ಯ ಎಂಬ ಊರಿನಿಂದಾಚೆಯ ಹಳ್ಳಿಯೊಂದರ ಶಾಂತಿ ಎಂಬ ತಾಯಿ ಯಮುನಾ ಅವರನ್ನು ಮೊದಲ ಸಲ ಕಂಡಾಗ ಕೇಳಿದ್ದು ಮಗನಿಗೆ ಮಾತು ಕಲಿಸಿ ಎಂದಲ್ಲ. “ನಾನು ಒಂದೇ ಒಂದು ದಿವ್ಸ ನೆಮ್ಮದಿಯಾಗಿ ತಲೆಗೆ ನೀರು ಹಾಕ್ಕಬೇಕು ಮೇಡಂ. ಇವನ್ನ ಹಿಡ್ಕಂಡಿರೋರು ಯಾರೂ ಇಲ್ಲ” ಎಂದು ಕೇಳಿದ್ದಳು. ಮುಂದಿನ ಭಾನುವಾರ ರಜೆಯಲ್ಲಿ ಯಮುನಾ ಅವರು ಬಸ್ಸು ಹತ್ತಿ ಹೋಗಿ, ಅವಳ ಮಗ ಮಾರುತಿಯನ್ನು ಹಿಡಿದುಕೊಂಡು ಜಗಲಿಯ ಮೇಲೆ ಕುಳಿತರು. ಶಾಂತಿ ಬಚ್ಚಲಿನಿಂದ ಹೊರಬರಲು ಬಹಳ ಹೊತ್ತು ಹಿಡಿಯಿತು. ಬಂದಾಗ ಕಣ್ಣು ಕೆಂಪಗಿದ್ದವು. ಸೀಗೆಪುಡಿ ಬಿತ್ತು ಎಂದಳು. ಇವರು ಹೂಂ ಎಂದರು.

ಮುಯ್ಯಿ ಗುಂಪಿನ ಆಲೋಚನೆ ಹುಟ್ಟಿದ್ದು ಆ ಜಗಲಿಯ ಮೇಲೆ. ನಾಲ್ಕು ಮನೆಗಳು ಸೇರಬೇಕು. ಅವುಗಳಲ್ಲಿ ಎರಡರಲ್ಲಿ ಆಟಿಸಂ ಇರುವ ಮಗು, ಇನ್ನೆರಡರಲ್ಲಿ ಓರಗೆಯ ಬೇರೆ ಮಕ್ಕಳು. ಪ್ರತಿ ಗುರುವಾರ ಸರದಿಯಂತೆ ಒಂದು ಮನೆಯಲ್ಲಿ ಎಲ್ಲರೂ ಕೂಡಬೇಕು, ಊಟವೂ ಅಲ್ಲೇ. ಆ ಮನೆಯಲ್ಲಿ ಅಂದು ಯಾವ ಕೆಲಸವಿದೆಯೋ ಅದೇ ಮಕ್ಕಳ ಪಾಠ: ಶೇಂಗಾ ಸುಲಿಯುವುದು, ಲೋಟ ತೊಳೆದು ಬೋರಲು ಹಾಕುವುದು, ಅವರೆಕಾಯಿ ಬಿಡಿಸುವುದು. ಕೆಲಸವನ್ನು ಒಬ್ಬರೇ ಮುಗಿಸಲಾಗದಂತೆ ಹಂಚಬೇಕು. ಒಬ್ಬ ಒಡೆದರೆ ಇನ್ನೊಬ್ಬ ಬೀಜ ಆಯಬೇಕು, ಮತ್ತೊಬ್ಬಳು ಮೊರ ಹಿಡಿಯಬೇಕು. ಹೊಸ ಮನೆಯೆಂದರೆ ಕಿರುಚುವ ಮಗು ಮೊದಲ ಗುರುವಾರ ಬೀದಿಯಲ್ಲೇ ನಿಲ್ಲಲಿ, ಮುಂದಿನ ಸರದಿಗೆ ಹೊಸಿಲ ಬಳಿ ಕೂರಲಿ, ಅವಸರವಿಲ್ಲ. ಹೀಗೆ ನಾಲ್ಕು ಮನೆಯ ಬಾಗಿಲುಗಳನ್ನು ದಾಟಲು ಕಲಿತ ಮಗು ಶಾಲೆಯ ಬಾಗಿಲನ್ನೂ ದಾಟೀತು ಎಂಬುದು ಅವರ ನಂಬಿಕೆ. ಹಾಗೆ ದಾಟಿದ ಮಕ್ಕಳು ಇಂದು ತಾಲ್ಲೂಕಿನ ಹಲವು ಶಾಲೆಗಳಲ್ಲಿದ್ದಾರೆ.

ಗುಂಪಿಗೊಂದು ಕಟ್ಟುನಿಟ್ಟಿನ ನಿಯಮವೂ ಇತ್ತು. ಸರದಿ ಬಂದಾಗ ಯಾವ ಮನೆಯೂ ತಪ್ಪಿಸಿಕೊಳ್ಳುವಂತಿಲ್ಲ. ಅದಕ್ಕೆ ಕಾರಣವಿತ್ತು. ಹಾಗೆ ಬಿಟ್ಟರೆ ಅನುಕೂಲಸ್ಥರ ಮನೆಯೊಂದು ಖಾಯಂ ಶಾಲೆಯಾಗಿ ಉಳಿದವರು ಅಲ್ಲಿ ಕೈಕಟ್ಟಿ ಕೂರುವ ನೆಂಟರಾಗುತ್ತಾರೆ. ಗುಂಪಿಗೆ ಬಾರದ ಗಂಡಸರೂ ಅತ್ತೆಯರೂ ಇಂಥ ಮಕ್ಕಳನ್ನು ಕಾಣುವುದೇ ಇಲ್ಲ. ಮುಯ್ಯಿ ಎಂದ ಮೇಲೆ ಮುಯ್ಯಿಯೇ. ಹೊಸದುರ್ಗದ ಆ ಹಳ್ಳಿಯ ಮಗಳಿಗೆ ಇದರಲ್ಲಿ ಸಂಶಯ ಬರಲು ಕಾರಣವೇ ಇರಲಿಲ್ಲ.

ಕೊರೊನಾ ಕಳೆದು ಊರುಗಳು ಮತ್ತೆ ಬಾಗಿಲು ತೆರೆದ ವರ್ಷ ತಾಳ್ಯದ ಕೊಟ್ರಮ್ಮ ತನ್ನ ಮಗ ದುರ್ಗೇಶನನ್ನು ಕರೆದುಕೊಂಡು ಶಾಂತಿಯ ಗುಂಪಿಗೆ ಸೇರಿದಳು. ಗುಂಪಿನ ಉಳಿದ ಮನೆಗಳು ತಾಳ್ಯದಿಂದ ಮುಂದಿನ ಹಳ್ಳಿಗಳಲ್ಲಿದ್ದವು. ಹೊಳಲ್ಕೆರೆಯಿಂದ ಯಮುನಾ ಅವರು ಬರುವ ಬಸ್ಸನ್ನೇ ಕೊಟ್ರಮ್ಮ ತಾಳ್ಯದಲ್ಲಿ ಹತ್ತಿ, ಅವರು ಹಿಡಿದಿಟ್ಟಿರುತ್ತಿದ್ದ ಸೀಟಿನಲ್ಲಿ ಪಕ್ಕಕ್ಕೆ ಕೂರುತ್ತಿದ್ದಳು. ದುರ್ಗೇಶನಿಗೆ ಮಾತು ಇರಲಿಲ್ಲ. ನೀರು ಎಂದರೆ ಪ್ರಾಣ. ತೊಟ್ಟಿ, ಕಾಲುವೆ, ಬಕೆಟ್ಟು, ಎಲ್ಲಿ ನೀರು ಹೊಳೆದರೂ ಓಡುತ್ತಿದ್ದ. ಕೈ ಹಿಡಿದರೆ ಕಚ್ಚುತ್ತಿದ್ದ. ಯಮುನಾ ಅವರು ಚೀಲದಿಂದ ಮೆತ್ತನೆಯ ನೂಲಿನ ಹಗ್ಗವೊಂದನ್ನು ತೆಗೆದು ಒಂದು ತುದಿಯನ್ನು ಅವನ ಮುಂದೆ ಇಟ್ಟರು, ಇನ್ನೊಂದನ್ನು ಮಕ್ಕಳಿಗೆ ಕೊಟ್ಟರು. ಅವನು ಹಿಡಿದ. ಅವನು ಓಡಿದಾಗ ಮಕ್ಕಳು ಹಗ್ಗ ಬಿಗಿಹಿಡಿದು “ನಿಂತ್ಕ ದುರ್ಗಾ!” ಎಂದು ಕೂಗಬೇಕು, ನಿಂತರೆ ಸಡಿಲ ಬಿಡಬೇಕು. ವಾರಗಟ್ಟಲೆ ಇದೇ ಆಟ. ಗುಂಪಿನ ಚಂದ್ರಕ್ಕ ನಗುತ್ತಿದ್ದಳು: “ಏನ್ ಮೇಡಂ, ಹೋರಿ ಪಳಗಿಸ್ದಂಗೆ ಪಳಗಿಸ್ತೀರಲ್ಲ! ನಮ್ಮನೆ ಯಜಮಾನ್ರಿಗೂ ಒಂದು ಹಗ್ಗ ಕೊಡ್ರಿ, ಸಂಜೆ ಆದ್ರೆ ಅವರೂ ಎಲ್ಲೆಲ್ಲಿಗೋ ಓಡ್ತಾರೆ.” ಕೊಟ್ರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳು ನಕ್ಕದ್ದನ್ನು ಆ ಹೆಂಗಸರು ಮೊದಲ ಸಲ ಕಂಡದ್ದು ಅಂದು.

ಒಂದು ಗುರುವಾರ ಚಂದ್ರಕ್ಕನ ಹಿತ್ತಲಿನಲ್ಲಿ ದುರ್ಗೇಶ ಹಗ್ಗ ಬಿಟ್ಟು ನೀರಿನ ತೊಟ್ಟಿಯ ಕಡೆಗೆ ಓಡಿದ. ಶೇಂಗಾ ಸುಲಿಯುತ್ತಿದ್ದ ಮಕ್ಕಳು ತಲೆಯೆತ್ತಿ ಕೂಗಿದರು, “ನಿಂತ್ಕ ದುರ್ಗಾ!” ಅವನು ತೊಟ್ಟಿಯಿಂದ ಒಂದು ಮಾರು ದೂರದಲ್ಲಿ ನಿಂತ. ಹಗ್ಗವಿಲ್ಲದೆ ನಿಂತ. ಅಂದು ಯಮುನಾ ಅವರು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತಾಡಿದರು. ಆದರೆ ಒಂದನ್ನು ಗಮನಿಸಿದ್ದರು. ಅವನು ನಿಲ್ಲುತ್ತಿದ್ದದ್ದು ಮಕ್ಕಳ ಕೂಗಿಗೆ. ದೊಡ್ಡವರು ಕೂಗಿದರೆ ಕೇಳಿಸದವನಂತೆ ಓಡುತ್ತಲೇ ಇದ್ದ. ಮಾರುತಿಗೆ ತನ್ನದೇ ಮಾತು ಕಡಿಮೆ, ಬೇರೆಯವರು ಆಡಿದ್ದನ್ನು ಹೊತ್ತಲ್ಲದ ಹೊತ್ತಿನಲ್ಲಿ ಹಾಗೆಯೇ ತಿರುಗಿ ಆಡುವ ಹುಡುಗ. ಅವನ ಬಾಯಲ್ಲೂ ಈ ಕೂಗು ನಿಂತುಬಿಟ್ಟಿತು. ಉಣ್ಣುವಾಗ, ಮಲಗುವಾಗ, ಬಸ್ಸಿನಲ್ಲಿ, “ನಿಂತ್ಕ ದುರ್ಗಾ.”

ಕೊಟ್ರಮ್ಮನ ಸರದಿ ಬಂತು. ಮನೆಯಲ್ಲಿ ಯಾರಿಗೋ ಜ್ವರ ಎಂದಳು. ಮತ್ತೊಂದು ಸುತ್ತು ಬಂದಾಗ ಸುಣ್ಣ ಹೊಡೆಸುತ್ತಿದ್ದೇವೆ ಎಂದಳು. ಮುಂದಿನ ಸುತ್ತಿಗೂ ಏನೋ ಒಂದು ಹೇಳತೊಡಗಿದಾಗ ಯಮುನಾ ಅವರು ಎಲ್ಲರ ಎದುರಿಗೆ, ಅರ್ಧ ತಮಾಷೆಯ ದನಿಯಲ್ಲಿ ಹೇಳಿದರು: “ಏನಮ್ಮ ಕೊಟ್ರಮ್ಮ, ಮೂರು ಮನೇಲಿ ಉಂಡು ಕೈ ತೊಳ್ಕಂಡ್ರೆ ಆಗಲ್ಲ. ಈ ಸಲ ನಿಮ್ಮನೆ. ಇಲ್ಲಾಂದ್ರೆ ಮುಯ್ಯಿ ಮುರೀತು ಅಂತ ತಿಳ್ಕಳಾಣ.” ಹೆಂಗಸರು ನಕ್ಕರು. ಕೊಟ್ರಮ್ಮನೂ ನಕ್ಕಂತೆ ಮಾಡಿದಳು. ಹಗ್ಗವನ್ನು ಸುತ್ತಿ ಯಮುನಾ ಅವರ ಚೀಲದ ಮೇಲಿಟ್ಟು ಮಗನನ್ನು ಕರೆದುಕೊಂಡು ಹೋದಳು. ಆಮೇಲೆ ಬರಲಿಲ್ಲ.

ಅವಳ ಮನೆಯಲ್ಲಿ ಏನಿತ್ತು ಎಂಬುದು ಯಮುನಾ ಅವರಿಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಮನೆಯ ಯಜಮಾನಿಕೆ ಅತ್ತೆ ಮುದ್ದಕ್ಕನದು. ಮುದ್ದಕ್ಕನ ಕಿರಿಯ ಮಗಳಿಗೆ ಗಂಡು ಹುಡುಕುತ್ತಿದ್ದರು. ಬಂದ ಎರಡು ಸಂಬಂಧ ದುರ್ಗೇಶನನ್ನು ಕಂಡ ಮೇಲೆ ಹಿಂದೆ ಹೋಗಿದ್ದವು. ಮನೆಯಲ್ಲಿ ಗುಂಪು ಕೂಡಿಸುವ ಮಾತೆತ್ತಿದಾಗ ಮುದ್ದಕ್ಕ ಹೇಳಿದ್ದಳಂತೆ: “ಇರೋದು ಒಂದು ಸಾಲ್ದು ಅಂತ ಊರಿನವೆಲ್ಲ ತಂದು ಜಗಲಿ ಮ್ಯಾಲೆ ಕುಂಡ್ರಿಸ್ತೀಯಾ? ನೋಡ್ದೋರು ಏನಂತಾರೆ? ಈ ಮನೆ ರಕ್ತದಾಗೇ ಐತೆ ಅಂತಾರೆ. ನನ್ ಮಗಳು ಮೂಲೆ ಹಿಡೀಬೇಕಾ?” ಇದು ಶಾಂತಿಗೆ ಗೊತ್ತಿತ್ತು, ಚಂದ್ರಕ್ಕನಿಗೂ ಗೊತ್ತಿತ್ತು. ಮನೆಯ ಮಾತು ಮೇಡಂ ಕಿವಿಗೆ ಬೀಳಬಾರದು ಎಂದು ಕೊಟ್ರಮ್ಮ ಮಗನ ಮೇಲೆ ಆಣೆ ಇಡಿಸಿಕೊಂಡಿದ್ದಳು.

ಪ್ರತಿ ಗುರುವಾರ ಬಸ್ಸು ತಾಳ್ಯದಲ್ಲಿ ನಿಲ್ಲುತ್ತಿತ್ತು. ಯಮುನಾ ಅವರು ಪಕ್ಕದ ಸೀಟಿನ ಮೇಲೆ ಚೀಲವಿಟ್ಟು ಹಿಡಿದುಕೊಂಡೇ ಇರುತ್ತಿದ್ದರು. ಕಿಟಕಿಯಿಂದ ನೋಡುತ್ತಿದ್ದರು. ಇಳಿದು ನಾಲ್ಕು ಹೆಜ್ಜೆ ನಡೆದರೆ ಅದೇ ರಸ್ತೆಯ ಮೇಲೆ ಕೊಟ್ರಮ್ಮನ ಮನೆ. ಇಳಿಯಬೇಕು ಎನಿಸುತ್ತಿತ್ತು. ನಾನೇ ಹೋಗಿ ಕರೆದರೆ ನಿಯಮಕ್ಕೆ ಬೆಲೆಯೇನು, ನಾಳೆ ಇನ್ನೊಬ್ಬರೂ ತಪ್ಪಿಸಿಕೊಂಡಾರು, ಅವಳಿಗೇ ಅರ್ಥವಾಗಿ ಬರಲಿ ಎಂದೂ ಅನಿಸುತ್ತಿತ್ತು. ಕಂಡಕ್ಟರು ವಿಸಿಲ್ ಊದುತ್ತಿದ್ದ. ಬಸ್ಸು ಹೊರಡುತ್ತಿತ್ತು. ಆಮೇಲೆ ಒಂದು ಗುರುವಾರ ಅವರು ಚೀಲವನ್ನು ಮಡಿಲಿಗೆ ತೆಗೆದುಕೊಂಡು ಆ ಸೀಟನ್ನು ಬೇರೆ ಯಾರಿಗೋ ಬಿಟ್ಟುಕೊಟ್ಟರು.

ಮುದ್ದಕ್ಕನ ಮಗಳನ್ನು ನೋಡಲು ಮೂರನೆಯ ಸಂಬಂಧ ಬಂದ ದಿನ ದುರ್ಗೇಶನನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದರು. ಕೊಟ್ರಮ್ಮ ಒಲೆಯ ಮುಂದೆ ಉಪ್ಪಿಟ್ಟು ಕೆದಕುತ್ತಿದ್ದಳು. ಅವಳ ಗಂಡ ಓಬಳೇಶ್ ಬಂದವರ ಜೊತೆ ಜಗಲಿಯಲ್ಲಿ ಕುಳಿತಿದ್ದ. ಆ ಕೋಣೆಯ ಹಿತ್ತಲ ಬಾಗಿಲಿನ ಅಗುಳಿ ಹಾಕಿದ್ದೇನೆಂದು ಮುದ್ದಕ್ಕ ತಿಳಿದಿದ್ದಳು. ಹಾಕಿರಲಿಲ್ಲ. ಹಿತ್ತಲಿನಾಚೆ ಚಿತ್ತಯ್ಯ ಎಂಬುವವರ ಹೊಲ. ಹೊಲದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡ. ಆ ವರ್ಷ ಮಳೆ ಚೆನ್ನಾಗಿ ಆಗಿ ಅಂಚಿನವರೆಗೂ ನೀರಿತ್ತು. ಆ ಹಾಳೆಯ ಮೇಲೆ ಕಾಲು ಜಾರಿದರೆ ದೊಡ್ಡವರಿಗೂ ಮೇಲೆ ಹತ್ತುವುದು ಕಷ್ಟ. ಮಗು ಹೊಲ ದಾಟುವುದನ್ನು ದೂರದಲ್ಲಿ ದನ ಮೇಯಿಸುತ್ತಿದ್ದ ಮುದುಕರೊಬ್ಬರು ಕಂಡು ಕೂಗಿದರು. ಅವರು ದೊಡ್ಡವರು. ಕೂಗಿದರೆ ನಿಲ್ಲಿಸಬಲ್ಲ ಮಕ್ಕಳು ಅಲ್ಲಿ ಇರಲಿಲ್ಲ.

ಸುದ್ದಿ ತಿಳಿದು ಯಮುನಾ ಅವರು ಹೋದಾಗ ಮಣ್ಣು ಮುಗಿದಿತ್ತು. ಕೊಟ್ರಮ್ಮ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮುದ್ದಕ್ಕ ಬಾಗಿಲಿನಲ್ಲಿ ನಿಂತು ಹೇಳಿದಳು: “ಈಗ ದಾರಿ ಗೊತ್ತಾತಾ ಮೇಡಮ್ಮೋರೆ? ಗುರುವಾರ ಗುರುವಾರ ಇದೇ ರೋಡಲ್ಲಿ ಬಸ್ಸಲ್ಲಿ ಹೋಗ್ತಿದ್ರಿ. ಅವಳು ಕಿಟಕೀಲಿ ನಿಂತು ನೋಡ್ತಿದ್ಲು.”

ಗುಂಪಿಗೆ ಹೋಗಿ ಹೋಗಿಯೇ ಹುಡುಗನಿಗೆ ಹೊರಗೆ ಓಡುವ ಚಾಳಿ ಬಿತ್ತು ಎಂದು ಜನ ಮಾತಾಡಿಕೊಂಡರು. ತಾಯಂದಿರು ಹೆದರಿದರು. ತಾಳ್ಯದ ಸುತ್ತಿನ ಗುಂಪುಗಳು ನಿಂತವು. ಹೊಳಲ್ಕೆರೆ ಪೇಟೆಯವೂ ಒಂದೊಂದಾಗಿ ನಿಂತವು. ಕಂಬಕ್ಕೆ ಕಟ್ಟಿದ್ದ ಸೀರೆ ಬಿಚ್ಚಿದ್ದ ಮನೆಗಳಲ್ಲಿ ಮತ್ತೆ ಸೀರೆ ಬಂತು. ಯಮುನಾ ಅವರು ಸ್ವಯಂ ನಿವೃತ್ತಿ ಪಡೆಯಲು ನಿರ್ಧರಿಸಿದರು. ಬಹುಕಾಲದ ಸಹೋದ್ಯೋಗಿ, ಮುಖ್ಯ ಶಿಕ್ಷಕ ಪಾಲಯ್ಯನವರು ತಡೆಯಲು ನೋಡಿದರು: “ಇದ್ರಲ್ಲಿ ನಿಮ್ದೇನು ತಪ್ಪೈತೆ ಮೇಡಂ? ಅಗುಳಿ ಹಾಕ್ದಿದ್ದೋರು ಅವರು. ಬೇಲಿ ಹಾಕ್ದಿದ್ದೋರು ಇನ್ನೊಬ್ರು.” ಯಮುನಾ ಅವರು ಹೇಳಿದರು: “ಅವರವರ್ದು ಅವರವರಿಗೆ ಇರ್ಲಿ ಸಾರ್. ಅವನು ಮಕ್ಕಳ ಕೂಗಿಗೆ ನಿಲ್ತಿದ್ದ. ಆ ಮಕ್ಕಳಿಂದ ಅವನನ್ನ ಬಿಡಿಸಿದ ಮಾತು ನಂದು.” ಅದು ಪಶ್ಚಾತ್ತಾಪದ ಪ್ರದರ್ಶನವಾಗಿರಲಿಲ್ಲ. ಲೆಕ್ಕ ಹೇಳುವಷ್ಟು ತಣ್ಣಗೆ ಹೇಳಿದರು ಎಂದು ಪಾಲಯ್ಯನವರು ಇಂದಿಗೂ ನೆನೆಯುತ್ತಾರೆ.

ಆ ಮಳೆಗಾಲ ಕಳೆದು, ಶೇಂಗಾ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಹೊಳಲ್ಕೆರೆಯಲ್ಲಿ ಅವರ ಮನೆಯ ಮುಂದೆ ಕೊಟ್ರಮ್ಮ ನಿಂತಿದ್ದಳು. ಸೊರಗಿದ್ದಳು. ಒಳಗೆ ಕರೆದರೆ ಬರಲಿಲ್ಲ.

“ನಂದೊಂದು ಮುಯ್ಯಿ ಉಳ್ಕಂಡೈತೆ ಮೇಡಂ” ಎಂದಳು.

ಯಮುನಾ ಅವರೇ ಹೊಸಿಲು ದಾಟಿ ಹೊರಗೆ ಬಂದರು. “ಹಂಗನ್ಬ್ಯಾಡ ಕೊಟ್ರಮ್ಮ. ಅದು ನಾನು ಆಡಬಾರದಿದ್ದ ಮಾತು. ಯಾವ ಮುಯ್ಯೀನೂ ಇಲ್ಲ.”

“ನೀವು ಅಂದ್ರಿ ಅಂತ ಅಲ್ಲ. ಚಂದ್ರಕ್ಕನ ಮನೇಲಿ ಉಂಡೀನಿ, ಶಾಂತಿ ಮನೇಲಿ ಉಂಡೀನಿ. ನನ್ ಮಗ ಅವರ ಹಿತ್ತಲಾಗೆ ನಿಂತ್ಕಳಾದು ಕಲ್ತ. ನಮ್ಮನೇಲಿ ಯಾರೂ ಒಂದು ತುತ್ತು ಉಂಡಿಲ್ಲ. ಅವನು ಬಾಕಿ ಇಟ್ಕಂಡು ಹೋದಂಗಾಗೈತೆ. ಗುರುವಾರ ಎಲ್ರನ್ನೂ ಕರ್ಕಂಡು ಬರ್ರಿ.”

“ನಿಮ್ಮತ್ತೆ?”

“ನಮ್ಮತ್ತೆ ಈಗ ಯಾವ್ದಕ್ಕೂ ಬ್ಯಾಡ ಅನ್ನಲ್ಲ. ಮಾತೇ ಆಡಲ್ಲ.”

ಹೋಗುವುದು ಸರಿಯೋ, ಹೋಗದಿರುವುದು ಸರಿಯೋ ಎಂದು ಯಮುನಾ ಅವರು ಆ ವಾರವೆಲ್ಲ ಒದ್ದಾಡಿದರು. ಹೋದರೆ ಮಗು ಕಳೆದುಕೊಂಡವಳ ಅಂಗಳದಲ್ಲಿ ಬೇರೆಯವರ ಮಕ್ಕಳನ್ನು ಕೂರಿಸಿದಂತೆ. ಹೋಗದಿದ್ದರೆ ಎರಡನೆಯ ಸಲ ಅವಳ ಬಾಗಿಲಿನ ಮುಂದೆ ಬಸ್ಸಿನಲ್ಲಿ ಹಾದುಹೋದಂತೆ. ಶಾಂತಿಯನ್ನೂ ಚಂದ್ರಕ್ಕನನ್ನೂ ಅವರೇ ಹೋಗಿ ಕೇಳಿದರು. ಚಂದ್ರಕ್ಕ ಕಾಳು ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು, “ಹೋಗಾಣ ಮೇಡಂ. ಕರ್ದೋಳು ಅವಳು. ನಾವು ಯಾಕೆ ಹೆದರ್ಬೇಕು?” ಎಂದಳು. ಅವಳ ದನಿಯಲ್ಲಿ ಹೆದರಿಕೆಯಿತ್ತು.

ಆ ಗುರುವಾರ ಯಮುನಾ ಅವರು ತಾಳ್ಯದಲ್ಲಿ ಇಳಿದರು.

ಕೊಟ್ರಮ್ಮ ಅಂಗಳ ಸಾರಿಸಿ ಗೋಣಿತಾಟು ಹಾಸಿದ್ದಳು. ನಡುವೆ ಶೇಂಗಾ ರಾಶಿ. ಓಬಳೇಶ್ “ಬರ್ರಿ, ಕುಂತ್ಕಳ್ರಿ” ಎಂದಷ್ಟೇ ಹೇಳಿ ನೀರು ತಂದಿಟ್ಟು ಹೊರಗೆ ಹೋದ. ಮುದ್ದಕ್ಕ ಕಾಣಲಿಲ್ಲ. ಹೆಂಗಸರು ಪಿಸುಮಾತಿನಲ್ಲಿ ಮಾತಾಡಿದರು. ಮಕ್ಕಳು ಒಡೆದರು, ಆಯ್ದರು, ಮೊರ ಹಿಡಿದರು. ಒಂದು ಹಂತದಲ್ಲಿ ಯಮುನಾ ಅವರು ಎದ್ದು ಕೈ ತೊಳೆಯಲು ಹಿತ್ತಲ ಕಡೆಗೆ ಹೋದರು. ಹಿಂದಿನ ಬಾಗಿಲಿಗೆ ಅಗುಳಿ ಹಾಕಿತ್ತು. ಅದಕ್ಕೆ ಅಡ್ಡಲಾಗಿ ಹಗ್ಗದ ಮಂಚವೊಂದನ್ನು ಎಳೆದು ಹಾಕಿಕೊಂಡು, ಅದರ ಮೇಲೆ ಬಾಗಿಲಿಗೆ ಬೆನ್ನು ಆನಿಸಿ ಮುದ್ದಕ್ಕ ಕುಳಿತಿದ್ದಳು. ಮೊದಲು ಅದು ಸಿಟ್ಟೆಂದು ಯಮುನಾ ಅವರಿಗೆ ಅನಿಸಿತು. ಆಮೇಲೆ ತಿಳಿಯಿತು. ಮಕ್ಕಳು ಬಂದಾಗಿನಿಂದ ಮುದುಕಿ ಅಲ್ಲಿಂದ ಕದಲಿರಲಿಲ್ಲ. ಊಟಕ್ಕೆ ಕರೆದಾಗಲೂ ಕದಲಲಿಲ್ಲ. ತಟ್ಟೆಯನ್ನು ಅಲ್ಲಿಗೇ ಕೊಟ್ಟರು.

ಊಟದ ನಂತರ ಮಾರುತಿ ಎದ್ದು, ಎಂದಿನಂತೆ ಗೋಡೆಯನ್ನು ಬೆರಳಿನಿಂದ ಸವರುತ್ತಾ ನಡೆದು ಹಿಂದಿನ ಬಾಗಿಲವರೆಗೂ ಹೋದ. ಮಂಚದ ಮುಂದೆ ನಿಂತ. ಯಾರನ್ನೂ ನೋಡದೆ, ರಾಗವಾಗಿ, “ನಿಂತ್ಕ ದುರ್ಗಾ” ಎಂದ.

ಅಂಗಳದಲ್ಲಿ ಎಲ್ಲರ ಕೈ ನಿಂತವು. ಶಾಂತಿ ಧಡಕ್ಕನೆ ಎದ್ದು ಮಗನ ಬಾಯಿ ಮುಚ್ಚಲು ಓಡಿದಳು. ಕೊಟ್ರಮ್ಮ ಅವಳ ಸೆರಗು ಹಿಡಿದೆಳೆದಳು.

“ಬಿಡು, ಅನ್ಲಿ. ಈ ಮನೇಲಿ ಅವನ ಹೆಸ್ರು ಯಾರೂ ಎತ್ತಲ್ಲ. ಅವನಾದ್ರೂ ಅನ್ಲಿ.”

ಮುದ್ದಕ್ಕ ಮಂಚದ ಮೇಲಿನಿಂದ ಬಾಗಿದಳು. ಎಷ್ಟೋ ತಿಂಗಳ ನಂತರ ಆ ಮನೆಯಲ್ಲಿ ಅವಳ ದನಿ ಕೇಳಿತು. “ಇನ್ನೊಂದು ಸಲ ಅನ್ನು ಮಗಾ” ಎಂದಳು. “ಇನ್ನೊಂದೇ ಸಲ.”

ಮಾರುತಿ ಅನ್ನಲಿಲ್ಲ. ಕೇಳಿದಾಗ ಆಡುವ ಹುಡುಗ ಅವನಲ್ಲ. ಮಂಚದ ಹಗ್ಗದ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ನಿಂತ. ಮುದ್ದಕ್ಕ ಕೈ ಚಾಚಿ ಅದೇ ಎಳೆಯ ಇನ್ನೊಂದು ಕಡೆಯನ್ನು ಹಿಡಿದುಕೊಂಡು, ಬಸ್ಸಿನ ಹೊತ್ತಾಗುವವರೆಗೂ ಹಾಗೆಯೇ ಕುಳಿತಿದ್ದಳು.

ಯಮುನಾ ಅವರು ಸ್ವಯಂ ನಿವೃತ್ತಿಯ ಯೋಚನೆ ಬಿಟ್ಟರು. ಗುಂಪುಗಳು ಮತ್ತೆ ಕೂಡಲು ಬಹಳ ಕಾಲ ಹಿಡಿಯಿತು, ಕೆಲವು ಕೂಡಲೇ ಇಲ್ಲ. ಈಗಿನ ಗುಂಪುಗಳಲ್ಲಿ ಸರದಿಯ ಕಟ್ಟು ಇಲ್ಲ. ಮನೆ ಕೊಡಲಾಗದವರು ಶಾಲೆಯ ಜಗಲಿಯಲ್ಲೋ ಬೇವಿನ ಮರದಡಿಯಲ್ಲೋ ಕೂಡಿಸುತ್ತಾರೆ. ಏಕೆ ಎಂದು ಯಾರೂ ಕೇಳುವುದಿಲ್ಲ. ಹೊಸ ನಿಯಮ ಒಂದೇ ಇದೆ. ಒಂದು ಗುರುವಾರ ಯಾರಾದರೂ ಬಾರದಿದ್ದರೆ ಮರುದಿನ ಗುಂಪಿನ ಇಬ್ಬರು ಆ ಮನೆಗೆ ಹೋಗಬೇಕು. ಸರದಿಯ ಮಾತು ಎತ್ತಬಾರದು. ಒಂದು ಲೋಟ ನೀರು ಕೇಳಿ ಕುಡಿದು, ಮಗುವನ್ನು ಕಣ್ಣಾರೆ ಕಂಡು ಬರಬೇಕು. ತಾಳ್ಯದ ಸುತ್ತಿನಲ್ಲಿ ಹಾಗೆ ಹೋಗುವವರಲ್ಲಿ ಮೊದಲಿಗಳು ಕೊಟ್ರಮ್ಮ. ಚಿತ್ತಯ್ಯನವರ ಹೊಂಡಕ್ಕೆ ಬೇಲಿ ಬಂದಿದೆ. ಬೇಲಿಯಿಲ್ಲದ ಹೊಂಡಗಳು ಇನ್ನೂ ಎಷ್ಟೋ ಇವೆ.

ಇಷ್ಟೆಲ್ಲ ಬರೆದ ಮೇಲೆ ಅಭಿನಂದನೆಯ ಮಾತು ಹೇಗೆ ಬರೆಯುವುದೆಂದು ಸುಲಭವಾಗಿ ತೋಚುವುದಿಲ್ಲ. ತಾವು ಕಟ್ಟಿದ್ದರಿಂದಲೇ ಒಂದು ಕೇಡಾದಾಗ ಅದನ್ನು ಬೇರೆಯವರ ತಲೆಗೆ ಕಟ್ಟದೆ, ಕೆಲಸವನ್ನೂ ಕೈಬಿಡದೆ ಉಳಿದವರು ಶ್ರೀಮತಿ ಯಮುನಾ ಅವರು. ಅವರನ್ನು ಗೌರವಿಸಲು ಈ ಗ್ರಂಥಕ್ಕೆ ಅಷ್ಟು ಕಾರಣ ಸಾಕು. ಬೀಳ್ಕೊಡುಗೆಯ ಸಮಾರಂಭ ಮುಗಿದ ಮೊದಲ ಗುರುವಾರ ಅವರು ಹಾರ, ಶಾಲುಗಳನ್ನು ಮನೆಯಲ್ಲಿಟ್ಟು, ನೂಲಿನ ಹಗ್ಗದ ಚೀಲ ಹಿಡಿದು ಹೊಳಲ್ಕೆರೆಯಲ್ಲಿ ಬಸ್ಸು ಹತ್ತಿದರು. “ರಿಟೈರ್ ಆದ್ರಂತಲ್ಲ ಮೇಡಂ, ಇನ್ನೆಲ್ಲಿಗೆ?” ಎಂದು ಕಂಡಕ್ಟರು ಕೇಳಿದ. “ತಾಳ್ಯಕ್ಕೆ ಒಂದು ಕೊಡಪ್ಪ” ಎಂದರು.

ಅವರ ಮಂಡಿಗಳಿಗೆ ಬಸ್ಸಿನ ಆ ಎತ್ತರದ ಮೆಟ್ಟಿಲು ಇಳಿಯುವ ಶಕ್ತಿ ಬಹುಕಾಲ ಉಳಿಯಲಿ. ಇನ್ನೂ ಬಹಳ ವರ್ಷಗಳ ಗುರುವಾರಗಳಲ್ಲಿ ಬಸ್ಸು ತಾಳ್ಯದಲ್ಲಿ ನಿಲ್ಲಲಿ, ಅವರು ಇಳಿಯುತ್ತಿರಲಿ.